ವಧೆಯ ಪ್ರಸಂಗ ಸಾಕು, ಸಂಧಾನದ ಪ್ರಸಂಗ ಬರಲಿ



ಮೇಜಿನ ಸುತ್ತ ಕುಳಿತು ಆಡುವ ರೋಲ್‌ಪ್ಲೇಯಿಂಗ್ ಆಟದ ಹೆಸರನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಮಂಗಳೂರು, ಬೆಂಗಳೂರಿಗೆ ಕಲಿಯಲು ಹೋದ ನಮ್ಮ ಹಳೆ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಬಂದಾಗ ತಮ್ಮ ತಂಗಿಯರಿಗೆ ಕಲಿಸಿಕೊಟ್ಟು ಹೋದ ಆಟ ಇದು. ಶನಿವಾರ ಮಧ್ಯಾಹ್ನ ಶಾಲೆಯ ವಾಚನಾಲಯದಲ್ಲಿ ಆಡುತ್ತೇವೆ, ಅನುಮತಿ ಕೊಡಿ ಎಂದು ಮಕ್ಕಳು ಕೇಳುತ್ತಿದ್ದಾರೆ. ಕೊಡಬೇಕು ಎಂಬುದೇ ನಮ್ಮ ಅಭಿಪ್ರಾಯ. ಆದರೆ ಆಟ ನಡೆಸುವವರಿಗೆ ಒಂದೆರಡು ಮಾತು ಹೇಳಲಿಕ್ಕುಂಟು. ಅದಕ್ಕಾಗಿ ಈ ಬರಹ.

ಆಟ ಗೊತ್ತಿಲ್ಲದವರಿಗೆ ಮೊದಲು ಅದರ ಕ್ರಮ ಹೇಳಿಬಿಡುತ್ತೇವೆ. ನಾಲ್ಕೈದು ಮಂದಿ ಕುಳಿತುಕೊಳ್ಳುತ್ತಾರೆ. ಒಬ್ಬರು ಗೇಮ್ ಮಾಸ್ಟರ್, ನಮ್ಮ ಮಕ್ಕಳ ಬಾಯಲ್ಲಿ 'ಆಟದ ಮಾಷ್ಟ್ರು'. ಉಳಿದವರಿಗೆ ತಲಾ ಒಂದು ಪಾತ್ರ. ಮಾಷ್ಟ್ರು ಸನ್ನಿವೇಶ ವಿವರಿಸಿ "ಈಗ ನೀವು ಏನು ಮಾಡುತ್ತೀರಿ?" ಎಂದು ಕೇಳುತ್ತಾರೆ. ಆಟಗಾರರು ತಮ್ಮ ಪಾತ್ರದ ಪರವಾಗಿ ಉತ್ತರ ಕೊಡುತ್ತಾರೆ. ಆಗುತ್ತದೋ ಇಲ್ಲವೋ ಎಂಬ ಸಂಶಯ ಬಂದಲ್ಲಿ ದಾಳ ಉರುಳುತ್ತದೆ. ಪಾತ್ರಗಳಿಗೆ ಒಪ್ಪಿಸುವ ಒಂದು ಕೆಲಸಕ್ಕೆ ಮಿಷನ್ ಎಂದು ಹೆಸರು. ಅಂಥವು ಒಂದಕ್ಕೊಂದು ಕೂಡಿ ವಾರಗಟ್ಟಲೆ ನಡೆದರೆ ಅದು ಕ್ಯಾಂಪೇನ್.

ಇಷ್ಟು ಹೇಳುವಾಗಲೇ ಕಾಸರಗೋಡಿನ ಯಾರಿಗಾದರೂ ತಾಳಮದ್ದಳೆ ನೆನಪಾಗದೆ ಇರದು. ವೇಷವಿಲ್ಲ, ಕುಣಿತವಿಲ್ಲ. ಕುಳಿತಲ್ಲೇ ಪಾತ್ರವಾಗಬೇಕು, ಎದುರು ಕುಳಿತವನ ಮಾತಿಗೆ ಆಗಲೇ ಹುಟ್ಟಿದ ಮಾತಿನಲ್ಲಿ ಉತ್ತರ ಕೊಡಬೇಕು. ಪ್ರಸಂಗವನ್ನು ಮುಂದೆ ಸಾಗಿಸುವವರು ಭಾಗವತರು. ಪಾರ್ತಿಸುಬ್ಬನ ಕುಂಬಳೆ, ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆ ಕೇಳಿ ಬೆಳೆದ ಊರುಗಳು ಇವು. ಅಮೆರಿಕದ ಆಟ ನಮ್ಮ ಮಕ್ಕಳಿಗೆ ಇಷ್ಟು ಬೇಗ ಒಗ್ಗಿದ್ದರಲ್ಲಿ ನಮಗೆ ಆಶ್ಚರ್ಯ ಕಾಣುವುದಿಲ್ಲ.

ಒಂದು ವ್ಯತ್ಯಾಸ ಉಂಟು. ತಾಳಮದ್ದಳೆಯಲ್ಲಿ ಕೊನೆ ಎಲ್ಲರಿಗೂ ಗೊತ್ತು. ಕೃಷ್ಣ ಎಷ್ಟು ಚೆನ್ನಾಗಿ ಮಾತಾಡಿದರೂ ಕೌರವ ಐದು ಊರು ಕೊಡುವುದಿಲ್ಲ. ಈ ಆಟದಲ್ಲಿ ಕೊಟ್ಟರೂ ಕೊಡಬಹುದು. ಆ ಬಾಗಿಲನ್ನು ತೆರೆದಿಡುವುದು ಆಟದ ಮಾಷ್ಟ್ರ ಮೊದಲ ಧರ್ಮ.

ಈಗ ವಿಷಯಕ್ಕೆ ಬರೋಣ. ನಮ್ಮ ಮಕ್ಕಳು ಆಡುತ್ತಿರುವ ಮಿಷನ್‌ಗಳು ಹೆಚ್ಚಾಗಿ ಒಂದೇ ನಮೂನೆಯವು. ಗುಹೆಗೆ ಹೋಗು, ಒಳಗಿದ್ದವರನ್ನು ಕೊಲ್ಲು, ಚಿನ್ನ ತಾ. ಇದರಲ್ಲಿ ನಮ್ಮ ತಕರಾರು ಹಿಂಸೆಯ ಬಗ್ಗೆ ಅಷ್ಟಾಗಿ ಅಲ್ಲ, ಮಕ್ಕಳು ಕಥೆಯಲ್ಲಿ ಕತ್ತಿ ಬೀಸಿದರೆ ಊರು ಮುಳುಗುವುದಿಲ್ಲ. ತಕರಾರು ಮಾತಿನ ಬಗ್ಗೆ. ಹೊಡೆಯುವ ಮಿಷನ್‌ಗೆ ಬೇಕಾಗುವ ಕನ್ನಡ ಎಷ್ಟು? "ಹೊಡೆದೆ", "ತಪ್ಪಿತು", "ಹದಿನಾಲ್ಕು ಬಿತ್ತು". ಅಲ್ಲಿಗೆ ಮುಗಿಯಿತು.

ನಮ್ಮ ಮಕ್ಕಳ ಸ್ಥಿತಿ ನಮಗೆಲ್ಲ ಗೊತ್ತೇ ಇದೆ. ಮನೆಯಲ್ಲಿ ತುಳು, ಹವಿಗನ್ನಡ, ಕೊಂಕಣಿ, ಮರಾಠಿ, ಬ್ಯಾರಿ. ಬಸ್ಸಿನಲ್ಲಿ, ಕಚೇರಿಯಲ್ಲಿ ಮಲಯಾಳ. ಶಾಲೆಯ ಕನ್ನಡ ತರಗತಿಯ ಪ್ರಶ್ನೆಗೆ ಉತ್ತರ ಬರೆಯುವ ಭಾಷೆ. ಆ ಪ್ರಶ್ನೆಯ ಉತ್ತರ ಕೇಳುವವರಿಗೆ ಮೊದಲೇ ಗೊತ್ತಿರುತ್ತದೆ. ಬೇಡಿಕೊಳ್ಳಲು, ಚೌಕಾಸಿ ಮಾಡಲು, ಒಪ್ಪಿಸಲು, ಸಂಶಯಪಡಲು, ಮಾತು ಕೊಡಲು ಕನ್ನಡ ಬಳಸುವ ಅವಕಾಶ ದಿನದಲ್ಲಿ ಎಷ್ಟು ನಿಮಿಷ ಸಿಗುತ್ತದೆ? ಪರೀಕ್ಷೆ ಮುಗಿದ ಮರುದಿನ ಬೇಡವಾಗುವ ಭಾಷೆಯನ್ನು ಎಷ್ಟು ತಲೆಮಾರು ಉಳಿಸಿಕೊಳ್ಳಲು ಸಾಧ್ಯ? 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಾವು ಶಾಲೆಗಳನ್ನು ಉಳಿಸಲು ಹೋರಾಡಿದೆವು, ಈಗಲೂ ಹೋರಾಡುತ್ತಿದ್ದೇವೆ. ಶಾಲೆಯೊಳಗೆ ಮಾತು ಉಳಿಯುವಂತೆ ಮಾಡುವುದು ಆ ಹೋರಾಟದ ಇನ್ನೊಂದು ಭಾಗ. ಆಟದ ಮೇಜು ಅದಕ್ಕೆ ಒಳ್ಳೆಯ ಜಾಗ. ಮಿಷನ್ ಸರಿಯಾಗಿದ್ದರೆ ಮಾತ್ರ.

"ಆಟ ಹುಟ್ಟಿದ್ದೇ ಯುದ್ಧಕ್ಕಾಗಿ, ಅದನ್ನು ಸಂಧಾನ ಮಾಡುವುದು ಹೇಗೆ?" ಎಂದು ಕೆಲವರು ಕೇಳುತ್ತಾರೆ. ಚರಿತ್ರೆ ಬೇರೆಯೇ ಹೇಳುತ್ತದೆ. 1969ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಡೇವಿಡ್ ವೆಸ್ಲಿ ಎಂಬವರು ನೆಪೋಲಿಯನ್ ಕಾಲದ ಯುದ್ಧದ ಆಟವೊಂದನ್ನು ಏರ್ಪಡಿಸಿದರು. ಸೈನ್ಯ ನಡೆಸುವವರ ಜೊತೆಗೆ ಬ್ರೌನ್‌ಸ್ಟೈನ್ ಎಂಬ ಕಲ್ಪಿತ ಪಟ್ಟಣದ ಬ್ಯಾಂಕಿನವನು, ವಿಶ್ವವಿದ್ಯಾಲಯದ ಕುಲಪತಿ ಇಂಥ ಪಾತ್ರಗಳನ್ನೂ ಹಂಚಿದರು. ಆಟಗಾರರು ಯುದ್ಧ ಬಿಟ್ಟು ಪರಸ್ಪರ ಗುಟ್ಟಿನ ಮಾತುಕತೆ, ಒಪ್ಪಂದ, ಮೋಸಗಳಲ್ಲೇ ಮುಳುಗಿಹೋದರು. ಆಟ ಕೆಟ್ಟಿತು ಎಂದೇ ವೆಸ್ಲಿ ಭಾವಿಸಿದ್ದರು, ಆಡಿದವರು ಇನ್ನೊಮ್ಮೆ ಆಡಿಸಿ ಎಂದರು. ಆ ಬಳಗದ ಡೇವ್ ಆರ್ನೆಸನ್ ಮುಂದೆ ಗ್ಯಾರಿ ಗೈಗ್ಯಾಕ್ಸ್ ಜೊತೆ ಸೇರಿ 1974ರಲ್ಲಿ ಹೊರತಂದ ಆಟವೇ ಡಂಜನ್ಸ್ ಅಂಡ್ ಡ್ರಾಗನ್ಸ್. ಅಂದರೆ ಈ ಆಟದ ಬೇರಿನಲ್ಲೇ ಮಾತುಕತೆ ಇದೆ.

ಇನ್ನೊಂದು ಉದಾಹರಣೆ ನಮಗೆ ಹೆಚ್ಚು ಹತ್ತಿರದ್ದು. 1980ರ ಸುಮಾರಿಗೆ ಗೈಗ್ಯಾಕ್ಸ್ ಬರೆದ 'ದಿ ಕೀಪ್ ಆನ್ ದಿ ಬಾರ್ಡರ್‌ಲ್ಯಾಂಡ್ಸ್' ಲಕ್ಷಾಂತರ ಮಂದಿಗೆ ಮೊದಲ ಮಿಷನ್ ಆಗಿತ್ತು. ಹೆಸರೇ ಹೇಳುವಂತೆ ಅದು ಗಡಿಕೋಟೆಯ ಕಥೆ. ಕೋಟೆಯ ಒಳಗಿನವರು ನಮ್ಮವರು, ಹೊರಗಿನ ಗುಹೆಗಳಲ್ಲಿ ಇರುವವರು ಶತ್ರುಗಳು. ಆದರೆ ಪುಸ್ತಕವನ್ನು ಗಮನವಿಟ್ಟು ಓದಿದರೆ ಆ ಗುಹೆಗಳಲ್ಲಿ ಹೋರಾಡದ ಹೆಂಗಸರೂ ಮಕ್ಕಳೂ ಇದ್ದಾರೆ. ಅಲ್ಲಿಯ ಪಂಗಡಗಳ ನಡುವೆ ಜಗಳ ಇದೆ, ಒಂದನ್ನು ಇನ್ನೊಂದರ ವಿರುದ್ಧ ಒಲಿಸಿಕೊಳ್ಳಬಹುದು ಎಂಬ ಸೂಚನೆಯೂ ಇದೆ. ಹೆಚ್ಚಿನವರು ಅದನ್ನು ದಾಟಿ ಕತ್ತಿಗೆ ಕೈ ಹಾಕಿದರು. ಗಡಿಯ ಆಚೆ ಇರುವವರು ಯಾರು ಎಂದು ಯೋಚಿಸದೆ ಆಡುವುದು ದೂರದ ಊರಿನ ಮಕ್ಕಳಿಗೆ ಸುಲಭವಿರಬಹುದು. ಗಡಿಯ ಮೇಲೆಯೇ ಮನೆ ಕಟ್ಟಿಕೊಂಡ ನಮಗೆ ಸಾಧ್ಯವೇ? ಆಚೆಯವರೂ ಈಚೆಯವರೂ ನಮ್ಮ ನೆಂಟರು.

ಬರೇ ಟೀಕೆ ಮಾಡಿದರೆ ಸಾಲದು. ಆಟದ ಮಾಷ್ಟ್ರುಗಳಿಗಾಗಿ ಐದು ಮಿಷನ್‌ಗಳ ಎಳೆ ಇಲ್ಲಿ ಕೊಡುತ್ತಿದ್ದೇವೆ.

ಒಂದು: ತೋಡಿನ ಕಟ್ಟ. ಮಳೆ ಮುಗಿದಿದೆ. ತೋಡಿಗೆ ಕಲ್ಲು ಮಣ್ಣಿನ ಕಟ್ಟ ಹಾಕಬೇಕು. ಕೆಳಗಿನ ಊರಿನವರು ಮೇಲೆ ಕಟ್ಟ ಹಾಕಿದರೆ ತಮಗೆ ನೀರಿಲ್ಲ ಎನ್ನುತ್ತಾರೆ, ಮೇಲಿನವರು ಕೆಳಗೆ ಹಾಕಿದರೆ ತಮ್ಮ ಅಡಿಕೆ ತೋಟಕ್ಕೆ ನೀರು ನುಗ್ಗುತ್ತದೆ ಎನ್ನುತ್ತಾರೆ. ಪಾತ್ರಗಳು ಕೆಳಗಿನ ಊರಿನ ದೂತರು. ಇಬ್ಬರ ಮಾತಿನಲ್ಲೂ ನಿಜ ಇರಬೇಕು. ಹರಿವು ದಿನದಿನಕ್ಕೆ ಇಳಿಯುತ್ತಿದೆ, ಐದು ದಿನದೊಳಗೆ ತೀರ್ಮಾನವಾಗದಿದ್ದರೆ ಇಬ್ಬರಿಗೂ ನೀರಿಲ್ಲ.

ಎರಡು: ಸುರಂಗ. ಇಂಗ್ಲಿಷಿನವರ ಡಂಜನ್ ನಮಗೇಕೆ? ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ, ಒಬ್ಬನೇ ನಡೆಯುವಷ್ಟು ಅಗಲಕ್ಕೆ ಕೊರೆದ ನೀರಿನ ಸುರಂಗಗಳು ನಮ್ಮಲ್ಲೇ ಇವೆ. ಕೆಲಸಗಾರನೊಬ್ಬ ಒಳಗೆ ಸಿಕ್ಕಿಕೊಂಡಿದ್ದಾನೆ. ಆಟಗಾರರ ಕೈಯಲ್ಲಿ ಆರು ಮೇಣದಬತ್ತಿ. ಜ್ವಾಲೆ ಸಣ್ಣದಾದರೆ ಗಾಳಿ ಕಡಿಮೆ ಎಂದರ್ಥ, ಹಿಂದೆ ಸರಿಯಬೇಕು. ಯಾರು ಒಳಗೆ, ಯಾರು ಹೊರಗೆ, ಮಾತು ಹೇಗೆ ದಾಟಿಸುವುದು? ಶತ್ರುವೇ ಇಲ್ಲದ ಈ ಮಿಷನ್‌ನಲ್ಲಿ ಎದೆ ಹೊಡೆದುಕೊಳ್ಳುವಷ್ಟು ಯಾವ ರಾಕ್ಷಸನ ಕಥೆಯಲ್ಲೂ ಹೊಡೆದುಕೊಳ್ಳದು. ನಿಜವಾದ ಸುರಂಗಕ್ಕೆ ಯಾರೂ ಇಳಿಯಬಾರದು ಎಂದು ಮಕ್ಕಳಿಗೆ ಮೊದಲೇ ಖಡಾಖಂಡಿತವಾಗಿ ಹೇಳಿಬಿಡಿ.

ಮೂರು: ಓದಲಾಗದ ಓಲೆ. ಪಾತ್ರಗಳ ಕೈಗೆ ಒಂದು ಓಲೆ ಬಂದಿದೆ, ಲಿಪಿ ಗೊತ್ತಿಲ್ಲ. ಓದಬಲ್ಲವರು ಊರಿನಲ್ಲಿ ಇಬ್ಬರೇ, ಇಬ್ಬರ ಅರ್ಥವೂ ಬೇರೆ ಬೇರೆ. ಯಾರನ್ನು ನಂಬುವುದು? ಅರ್ಥವಾಗದ ಭಾಷೆಯ ಅರ್ಜಿಗೆ ಸಹಿ ಹಾಕಿದ ಅನುಭವ ಇರುವ ಮನೆಗಳ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ.

ನಾಲ್ಕು: ಕೋಟೆಯ ಕೀಲಿಕೈ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ. ಕೆಳದಿಯವರ ಕೈಯಲ್ಲಿದ್ದ ಬೇಕಲಕ್ಕೆ ಸುದ್ದಿ ಮುಟ್ಟಿದೆ, ಅಪ್ಪಣೆ ಇನ್ನೂ ಬಂದಿಲ್ಲ. ಆಟಗಾರರು ಸೈನಿಕರಲ್ಲ. ಕಣಜದ ಲೆಕ್ಕ ಬರೆಯುವವನು, ಅಡುಗೆಯವಳು, ದೋಣಿಯವನು, ಓಲೆಕಾರ. ಹೊಸ ದಂಡು ಬರುವ ಮೊದಲು ಅಕ್ಕಿ ಯಾರಿಗೆ, ಕೀಲಿಕೈ ಯಾರಿಗೆ, ಓಡಿಹೋಗುವುದೋ ನಿಲ್ಲುವುದೋ? ಸಮಾಜ ಪಾಠದ ಮಾಷ್ಟ್ರುಗಳು ಇದನ್ನು ಬಿಡಬಾರದು.

ಐದು: ಮೇಳದ ಪೆಟ್ಟಿಗೆ. ರಾತ್ರಿ ಆಟ ಇದೆ, ವೇಷದ ಪೆಟ್ಟಿಗೆ ಬಂದಿಲ್ಲ. ಹುಡುಕಿ ತರಬೇಕು. ನಗಲಿಕ್ಕೂ ಒಂದು ಮಿಷನ್ ಬೇಡವೇ?

ಈ ಐದನೆಯದನ್ನು ಇಟ್ಟುಕೊಂಡು ಒಂದು ಉಪಾಯ ಹೇಳುತ್ತೇವೆ. 1977ರಲ್ಲಿ ಬಂದ ಟ್ರಾವೆಲರ್ ಎಂಬ ಬಾಹ್ಯಾಕಾಶದ ಆಟಕ್ಕೆ 1980ರಲ್ಲಿ '76 ಪೇಟ್ರನ್ಸ್' ಎಂಬ ಪುಸ್ತಕ ಬಂತು. ಕೆಲಸ ಒಪ್ಪಿಸುವವರ ಪಟ್ಟಿ ಅದು. ಆಟಗಾರರಿಗೆ ಹೇಳುವುದು ಒಂದೇ ಕಥೆ, ಅದರ ಹಿಂದಿನ ನಿಜ ಮಾತ್ರ ಹಲವು. ಯಾವುದು ನಿಜ ಎಂದು ದಾಳ ಹಾಕಿ ತಿಳಿದುಕೊಳ್ಳುವುದು. ನಮ್ಮ ಪೆಟ್ಟಿಗೆಗೂ ಹೀಗೆ ಮಾಡಬಹುದು. ದಾಳದಲ್ಲಿ ಒಂದು ಬಿದ್ದರೆ ವ್ಯಾನಿನವನು ಬೇರೆ ಊರಲ್ಲಿ ಇಳಿಸಿದ್ದಾನೆ. ಎರಡು ಬಿದ್ದರೆ ಬಾಡಿಗೆ ಬಾಕಿಗಾಗಿ ತಡೆದಿಟ್ಟಿದ್ದಾನೆ. ಮೂರಾದರೆ ಹೊಳೆ ಉಕ್ಕಿ ಆಚೆ ದಡದಲ್ಲಿದೆ. ನಾಲ್ಕಾದರೆ ಆಟ ತಮ್ಮೂರಲ್ಲೇ ಆಗಲಿ ಎಂದು ಪಕ್ಕದೂರಿನ ಹುಡುಗರು ಇಳಿಸಿಕೊಂಡಿದ್ದಾರೆ. ಐದಾದರೆ ಕಳ್ಳತನ. ಆರು ಬಿದ್ದರೆ ಪೆಟ್ಟಿಗೆ ಕಳೆದೇ ಇಲ್ಲ, ಇವತ್ತು ವೇಷ ಕಟ್ಟಲು ಮನಸ್ಸಿಲ್ಲದ ಕಲಾವಿದನೊಬ್ಬ ಅಡಗಿಸಿಟ್ಟಿದ್ದಾನೆ. ಒಂದೇ ಮಿಷನ್ ಮೂರು ತರಗತಿಗಳಲ್ಲಿ ಆಡಿಸಿದರೂ ಗುಟ್ಟು ಹರಡುವ ಭಯವಿಲ್ಲ!

ಇನ್ನು ಎರಡು ಸಣ್ಣ ಸೂಚನೆಗಳು. ಹುಡುಕಾಟದ ಮಿಷನ್ ನಡುದಾರಿಯಲ್ಲಿ ನಿಲ್ಲುವುದು ಸುಳಿವು ಸಿಗದೆ. ಅಮೆರಿಕದ ಜಸ್ಟಿನ್ ಅಲೆಕ್ಸಾಂಡರ್ ಎಂಬವರು 2008ರಲ್ಲಿ ಬರೆದ ನಿಯಮ ಸರಳವಾಗಿದೆ: ಆಟಗಾರರು ಕಂಡುಕೊಳ್ಳಬೇಕಾದ ಪ್ರತಿಯೊಂದು ಸಂಗತಿಗೂ ಕನಿಷ್ಠ ಮೂರು ಸುಳಿವು ಇಡಿ. ಒಂದನ್ನು ಕಾಣುವುದಿಲ್ಲ, ಒಂದನ್ನು ತಪ್ಪು ತಿಳಿಯುತ್ತಾರೆ, ಮೂರನೆಯದು ಕಾಪಾಡುತ್ತದೆ. ಎರಡನೆಯದು ಸಮಯದ್ದು. ಹೇಗೆ ಹೋಗುವುದು ಎಂಬ ಚರ್ಚೆಯಲ್ಲೇ ಮುಕ್ಕಾಲು ಗಂಟೆ ಕಳೆಯುತ್ತದೆ. ಜಾನ್ ಹಾರ್ಪರ್ ಅವರ 'ಬ್ಲೇಡ್ಸ್ ಇನ್ ದಿ ಡಾರ್ಕ್' ಎಂಬ ಆಟದಲ್ಲಿ (2017) ಚರ್ಚೆ ಬಿಟ್ಟು ನೇರ ಕೆಲಸದ ನಡುವಿಗೇ ಹೋಗುತ್ತಾರೆ, ಮಾಡಿಟ್ಟ ತಯಾರಿಯನ್ನು ಬೇಕಾದಾಗ ಹಿಂದಿನ ದೃಶ್ಯವಾಗಿ ಹೇಳಿಕೊಳ್ಳುತ್ತಾರೆ. ಒಂದು ಪೀರಿಯಡ್‌ನಲ್ಲಿ ಆಟ ಮುಗಿಸಬೇಕಾದ ನಮಗೆ ಇದು ಬಹಳ ಉಪಯೋಗ.

ಭಾಷೆಯ ವಿಷಯದಲ್ಲೂ ನಮ್ಮ ನಿಲುವು ಹೇಳಿಬಿಡುತ್ತೇವೆ. "ಕನ್ನಡವೇ ಆಡಬೇಕು, ತಪ್ಪಿದರೆ ದಂಡ" ಎಂಬ ಕಟ್ಟುಪಾಡು ಬೇಡ. ದಂಡಕ್ಕೆ ಹೆದರಿ ಮಕ್ಕಳು ಸುಮ್ಮನಾಗುತ್ತಾರೆ, ಅಷ್ಟೇ. ಕಡವಿನ ದೋಣಿಯವನು ಮಲಯಾಳ ಮಾತಾಡಲಿ, ಅಡುಗೆಯವಳು ತುಳು ಮಾತಾಡಲಿ. ಆದರೆ ಏನು ಮಾಡುತ್ತೇವೆ ಎಂದು ಆಟದ ಮಾಷ್ಟ್ರಿಗೆ ಹೇಳುವುದು ಕನ್ನಡದಲ್ಲಿ. ಆಗ ಯಾರಾದರೊಬ್ಬರು ದುಭಾಷಿ ಆಗಲೇಬೇಕು. ಮೂರು ಭಾಷೆ ಬಲ್ಲ ನಮ್ಮ ಮಕ್ಕಳು ಆ ಪಾತ್ರದಲ್ಲಿ ಎಷ್ಟು ಚುರುಕು ಎಂಬುದನ್ನು ಆಡಿಸಿಯೇ ನೋಡಬೇಕು.

ಜಗಳವಿಲ್ಲದಿದ್ದರೆ ಮಕ್ಕಳಿಗೆ ಬೇಸರ ಬರುತ್ತದೆ ಎನ್ನುವವರಿದ್ದಾರೆ. ಜಗಳ ಇರಲಿ, ಆದರೆ ಅದಕ್ಕೊಂದು ಬೆಲೆ ಇರಲಿ. ಕಟ್ಟದ ಮಿಷನ್‌ನಲ್ಲಿ ಮೇಲಿನ ಊರಿನವನಿಗೆ ಹೊಡೆದರೆ ಮುಂದಿನ ವಾರ ಮದುವೆಗೆ ಆ ಮನೆಯಿಂದ ಯಾರೂ ಬರುವುದಿಲ್ಲ ಎಂದು ಮಾಷ್ಟ್ರು ನೆನಪಿಟ್ಟುಕೊಳ್ಳಬೇಕು. ಅದಕ್ಕೇ ಅಲ್ಲವೇ ಕ್ಯಾಂಪೇನ್ ಎನ್ನುವುದು? ವಾಲಿವಧೆಯ ತಾಳಮದ್ದಳೆಗೆ ನಮ್ಮ ಹಿರಿಯರು ನಿದ್ದೆಗೆಟ್ಟು ಕುಳಿತದ್ದು ಬಾಣ ತಾಗುವುದನ್ನು ನೋಡಲು ಅಲ್ಲ. ಬಾಣ ತಾಗಿದ ಮೇಲೆ ವಾಲಿ ರಾಮನನ್ನು ಏನು ಕೇಳುತ್ತಾನೆ, ರಾಮ ಏನು ಹೇಳುತ್ತಾನೆ ಎಂದು ಕೇಳಲು.

ಖರ್ಚಿನ ಚಿಂತೆ ಯಾರಿಗೂ ಬೇಡ. ಇಪ್ಪತ್ತು ಮುಖದ ದಾಳ ಇಲ್ಲದಿದ್ದರೆ ಒಂದರಿಂದ ಇಪ್ಪತ್ತು ಬರೆದ ಚೀಟಿ ಸಾಕು, ಕವಡೆಯಾದರೂ ಆದೀತು. ಮುಖ್ಯ ಶಿಕ್ಷಕರಲ್ಲಿ ನಮ್ಮ ವಿನಂತಿ ಇಷ್ಟೇ: ತಿಂಗಳಿಗೆ ಎರಡು ಶನಿವಾರ, ಒಂದು ಕೋಣೆ, ಒಂದೂವರೆ ಗಂಟೆ. ಹಳೆ ವಿದ್ಯಾರ್ಥಿಗಳಲ್ಲಿ ವಿನಂತಿ: ರಜೆಗೆ ಬರುವಾಗ ಇಂಗ್ಲಿಷಿನಲ್ಲಿ ಅಚ್ಚಾದ ಮಿಷನ್ ತರುವ ಬದಲು ನಿಮ್ಮೂರಿನ ಒಂದು ಜಗಳವನ್ನು ನೆನಪು ಮಾಡಿಕೊಂಡು ಬನ್ನಿ. ಹೆಸರು ಬದಲಿಸಿ, ಇಬ್ಬರಿಗೂ ಒಂದೊಂದು ನ್ಯಾಯ ಕೊಡಿ, ಕೊನೆ ಬರೆಯಬೇಡಿ. ಉಳಿದದ್ದನ್ನು ಮಕ್ಕಳು ಮಾತಾಡಿ ಮುಗಿಸುತ್ತಾರೆ.

ಏನಂತೀರಿ?