ಹೆಸರು ಮಾತ್ರ ಉಳಿದ ಮೆಜೆಸ್ಟಿಕ್



ನಮ್ಮ ರಾಜರಾಜೇಶ್ವರಿನಗರದಲ್ಲಿ ಮೆಟ್ರೋ ಹತ್ತಿದರೆ ಅರ್ಧ ಗಂಟೆಯೊಳಗೆ ಮೆಜೆಸ್ಟಿಕ್ ತಲುಪಬಹುದು. ಆದರೆ ಮೆಜೆಸ್ಟಿಕ್ ಎಂಬುದು ಒಂದು ಚಿತ್ರಮಂದಿರದ ಹೆಸರಾಗಿತ್ತೆಂದು ಇಂದಿನ ಮಕ್ಕಳಿಗೆ ಪಾಠದಂತೆ ಹೇಳಿಕೊಡಬೇಕಾಗಿದೆ. ಇಡೀ ಪ್ರದೇಶಕ್ಕೆ ತನ್ನ ಹೆಸರನ್ನು ಕೊಟ್ಟ ಆ ಮಂದಿರವೇ ಇಂದಿಲ್ಲ. ಅಲಂಕಾರ್ ಇದ್ದಲ್ಲಿ ವಾಣಿಜ್ಯ ಸಂಕೀರ್ಣವೆದ್ದಿತು. ಸಾಗರ್ ಇದ್ದಲ್ಲಿ ಬಟ್ಟೆಯ ಮಳಿಗೆ ಬಂದಿತು. 1968ರಲ್ಲಿ ಮೊರಾರ್ಜಿ ದೇಸಾಯಿಯವರು ಉದ್ಘಾಟಿಸಿದ ಕಪಾಲಿ 2017ರಲ್ಲಿ ಬಾಗಿಲು ಹಾಕಿತು. 1974ರಲ್ಲಿ ಆರಂಭವಾದ ಕಾವೇರಿ, ಐವತ್ತು ತುಂಬಿದ 2024ರಲ್ಲಿಯೇ ಕಣ್ಮುಚ್ಚಿತು.

“ಕಾಲ ಬದಲಾಯಿತು, ಬಿಡಿ ಮೇಷ್ಟ್ರೇ” ಎನ್ನುವವರೊಂದಿಗೆ ನನ್ನ ತಕರಾರಿದೆ. ಕಾಲವು ತಾನಾಗಿ ಗೋಡೆ ಕೆಡಹುವುದಿಲ್ಲ. ಕೆಡಹುವವರು ಮನುಷ್ಯರು, ಒಪ್ಪಿಗೆ ನೀಡುವವರೂ ಮನುಷ್ಯರೇ.

ಅಮೆರಿಕದಲ್ಲಿ ನೆಲೆಸಿರುವ ಬಂಧುಗಳು ಲಾಸ್ ವೇಗಸ್ಸಿನ ಉದಾಹರಣೆ ಕೊಡುವುದುಂಟು. ಅಲ್ಲಿನ ಮಿರಾಜ್ ಎಂಬ ಕ್ಯಾಸಿನೋದ ಮುಂದೆ 1989ರಿಂದ ಕೃತಕ ಜ್ವಾಲಾಮುಖಿಯೊಂದು ಸಂಜೆಯಾಯಿತೆಂದರೆ ಬೆಂಕಿಯುಗುಳುತ್ತಿತ್ತು. 2008ರಲ್ಲಿ ಅದನ್ನು ನವೀಕರಿಸಿದಾಗ ಸಂಗೀತ ಸಂಯೋಜಿಸಿದವರಲ್ಲಿ ನಮ್ಮ ಜಾಕಿರ್ ಹುಸೇನರೂ ಒಬ್ಬರು. ಜೂಜಿಗೆ ಕಾಸಿಲ್ಲದವನೂ ಕಾಲುದಾರಿಯಲ್ಲಿ ನಿಂತು ಬಿಟ್ಟಿಯಾಗಿ ನೋಡಬಹುದಾಗಿದ್ದ ಸೊಬಗು ಅದು. 2024ರ ಜುಲೈನಲ್ಲಿ ಮಿರಾಜ್ ಮುಚ್ಚಿತು, ಜ್ವಾಲಾಮುಖಿಯೂ ಹೋಯಿತು. ಅಲ್ಲಿ ಗಿಟಾರ್ ಆಕಾರದ ಹೋಟೆಲ್ ಎಂದರು. “ಅಂಥ ಊರೇ ಅಳದಿರುವಾಗ ನೀವೇಕೆ ಅಳುವಿರಿ?” ಎಂಬುದು ಇವರ ವಾದ.

ಈ ಹೋಲಿಕೆಯೇ ಸಲ್ಲದು. ಆ ಜ್ವಾಲಾಮುಖಿ ಗಿರಾಕಿಗಳನ್ನು ಒಳಗೆಳೆಯಲು ಹೂಡಿದ ಆಮಿಷ. ಹಚ್ಚಿದವನು ಆರಿಸಿದ. ಕೆಂಪೇಗೌಡ ರಸ್ತೆಯ ಬೆಡಗನ್ನು ಮಾಲೀಕರೊಬ್ಬರೇ ಕಟ್ಟಿದರೇ? ಮುಗಿಲೆತ್ತರದ ಕಟೌಟಿಗೆ ಹಾರ ಹಾಕಿದವರು, ಹೂವಿನ ಪೇಟೆಯಿಂದ ಬುಟ್ಟಿ ಹೊತ್ತು ತಂದವರು, ಟಿಕೆಟ್ ಸಿಗದಿದ್ದರೂ ಕಟೌಟನ್ನಷ್ಟೇ ನೋಡಿ ತೃಪ್ತರಾಗಿ ಬಸ್ಸು ಹತ್ತಿದವರು ಸಾಮಾನ್ಯ ಜನರು. ‘ಬಂಗಾರದ ಮನುಷ್ಯ’ 1972ರಿಂದ ಸ್ಟೇಟ್ಸ್ ಚಿತ್ರಮಂದಿರದಲ್ಲಿ ವರ್ಷ ಮೀರಿ ಓಡಿದ್ದು ಗೋಡೆಗಳ ಬಲದಿಂದಲ್ಲ, ಹಳ್ಳಿಗಳಿಂದ ಬಂದು ಸಾಲು ನಿಂತವರ ಬಲದಿಂದ. ಗಾಂಧಿ ಕ್ಲಾಸಿನ ಕೂಲಿಕಾರ, ಬಾಲ್ಕನಿಯ ಗುಮಾಸ್ತ, ಸಂಬಳದ ಮರುದಿನ ಸಂಸಾರಸಮೇತ ಬಂದ ನನ್ನಂಥ ಮೇಷ್ಟ್ರು, ಎಲ್ಲರೂ ಒಂದೇ ಕತ್ತಲೆಯಲ್ಲಿ ಕುಳಿತು ಒಂದೇ ಮಾತಿಗೆ ನಕ್ಕಿದ್ದೇವೆ. ಸ್ಥಳ ಖಾಸಗಿಯದು, ನಿಜ. ಅದರ ಕೀರ್ತಿ ಸಾರ್ವಜನಿಕರದು.

ಮಾಲುಗಳಲ್ಲಿ ಪರದೆಗಳಿವೆಯಲ್ಲ ಎನ್ನುವಿರಿ. ಇವೆ, ಆದರೆ ಸಾವಿರ ಜನ ಒಟ್ಟಿಗೆ ಕೂರುವ ಸಭಾಂಗಣವಿಲ್ಲ, ಕೂಲಿಯವನಿಗೆ ನಿಲುಕುವ ದರವೂ ಇಲ್ಲ. 2025ರ ಸೆಪ್ಟೆಂಬರಿನಲ್ಲಿ ಸರ್ಕಾರವು ತೆರಿಗೆ ಬಿಟ್ಟು 200 ರೂಪಾಯಿಗಳ ಮಿತಿ ವಿಧಿಸಿತು. ಅದೇ ತಿಂಗಳು ಉಚ್ಚ ನ್ಯಾಯಾಲಯದ ತಡೆಯಾಜ್ಞೆ ಬಂದಿತು. ನಾಲ್ವರ ಸಂಸಾರಕ್ಕೆ ಆ ಮಿತಿಯೇ ಎಂಟುನೂರು ರೂಪಾಯಿ ಎಂಬುದನ್ನು ಮರೆಯಬೇಡಿ.

ಖಾಲಿ ಆಸನಗಳನ್ನಿಟ್ಟುಕೊಂಡು ನಷ್ಟ ಅನುಭವಿಸಿರೆಂದು ಮಾಲೀಕರಿಗೆ ಹೇಳುವ ಹಕ್ಕು ನನಗಿಲ್ಲ. ಮನೆಮನೆಯಲ್ಲೂ ದೂರದರ್ಶನ, ಅಂಗೈಯಲ್ಲೇ ಚಲನಚಿತ್ರ. ನೆಲದ ಬೆಲೆಯೋ ಮುಗಿಲು ಮುಟ್ಟಿದೆ. ಅವರು ಕಟ್ಟಿಕೊಳ್ಳಲಿ. ಆದರೆ ಚಿತ್ರಮಂದಿರದ ನೆಲದಲ್ಲಿ ಹೊಸ ಕಟ್ಟಡಕ್ಕೆ ಪರವಾನಗಿ ಬೇಡಿದಾಗ ನಗರವು ಎರಡು ಷರತ್ತು ವಿಧಿಸಬಾರದೇಕೆ? ಸಾಮಾನ್ಯ ದರದ ಒಂದು ದೊಡ್ಡ ಸಭಾಂಗಣವನ್ನು ಉಳಿಸಬೇಕು. ಹಳೆಯ ಹೆಸರನ್ನೂ ಇಸವಿಯನ್ನೂ ಬಾಗಿಲ ಬಳಿ ಕನ್ನಡದಲ್ಲಿ ಕೆತ್ತಬೇಕು. ಬದಲಿಗೆ ಆ ಸಭಾಂಗಣದ ತೆರಿಗೆಯಲ್ಲಿ ರಿಯಾಯಿತಿ ಕೊಡಲಿ. ಅರಮನೆ, ಗುಡಿ, ಕೋಟೆಗಳು ಮಾತ್ರ ಪರಂಪರೆಯೆಂದರೆ, ಬಡವರು ಸಂತೋಷಪಟ್ಟ ತಾಣಗಳಿಗೆ ಚರಿತ್ರೆಯೇ ಇಲ್ಲವೆಂದಂತಾಯಿತು.

ನಿಮ್ಮಲ್ಲಿ ಕೆಲವರು ಎಂಜಿನಿಯರುಗಳು, ಕೆಲವರು ವಕೀಲರು, ಕೆಲವರು ಸರ್ಕಾರಿ ಅಧಿಕಾರಿಗಳು. ಮುಂದಿನ ನಕ್ಷೆಯೊಂದು ನಿಮ್ಮ ಮೇಜಿಗೆ ಬಂದಾಗ ಈ ಷರತ್ತುಗಳನ್ನು ಕಡತದಲ್ಲಿ ಬರೆಯಿರಿ. ತಳ್ಳಿಹಾಕುವವರು ಕಾರಣ ಕೊಟ್ಟು ತಳ್ಳಿಹಾಕಲಿ.