ಪಾಳಿ ಮ್ಯಾಲೆ ನವರಾತ್ರಿ

ನವರಾತ್ರಿ ಬಂತಂದ್ರ ನಮ್ಮ ಮನಿಗೆ ಕೀಲಿ ಹಾಕೂ ಹಂಗಿಲ್ಲ. ಪಾಡ್ಯದ ದಿವಸ ಘಟ ಕೂಡಸ್ತೀವಿ, ನಂದಾದೀಪ ಹಚ್ತೀವಿ. ದಶಮಿ ತನಕಾ ಆ ದೀಪ ಶಾಂತ ಆಗಬಾರದು. ನಡುರಾತ್ರಿ ಎರಡಕ್ಕ ಎದ್ದು ಎಣ್ಣಿ ನೋಡಬೇಕು, ಬತ್ತಿ ಸರಸಬೇಕು. ಮುಂಜಾನೆ ಘಟಕ್ಕ ಮಾಲಿ ಆಗಬೇಕು, ಆಮ್ಯಾಲೆ ನೈವೇದ್ಯ. ಒಂದಿನ ಕಡಬು, ಒಂದಿನ ಹೋಳಿಗಿ, ಒಂದಿನ ಮುತ್ತೈದಿ ಊಟ. ನಮ್ಮನಿಯವರು ಹಿರೇ ಮಗಾ, ಹಂಗಾಗಿ ಘಟ ನಮ್ಮಲ್ಲೇ. ಲಗ್ನ ಆಗಿ 33 ವರ್ಷ ಆದ್ವು. ಮಗಳನ್ನ ಹಡದ ವರ್ಷ ಒಂದು ಬಿಟ್ಟು, ಯಾವ ನವರಾತ್ರಿಗೂ ನಾ ಧಾರವಾಡ ಬಿಟ್ಟು ಹೋಗಿದ್ದಿಲ್ಲ.

ದೀಪದ ಮ್ಯಾಲೆ ನನಗ ಸಿಟ್ಟಿಲ್ಲ. ಆ ಎರಡರ ಹೊತ್ತಿನ್ಯಾಗ ಎಲ್ಲಾರೂ ಮಲಗಿರ್ತಾರ, ದೇವರ ಮನ್ಯಾಗ ನಾವಿಬ್ಬರ, ನಾ ಮತ್ತ ದೀಪ. ಖರೆ ಹೇಳಬೇಕಂದ್ರ ನನಗ ಭಾಳ ಸೇರ್ತಿತ್ತು. ಆದ್ರ ಸೇರೂದು ಬ್ಯಾರೆ, ಬಿಡಲಾರದ್ದು ಬ್ಯಾರೆ. ಅದರ ಬಗ್ಗೆನ ಇವತ್ತ ಬರೀಲಿಕ್ಕೆ ಕೂತೀನಿ.

ಹೋದ ವರ್ಷ ಮೇ ತಿಂಗಳಾಗ ಇವರು ರಿಟೈರ್ ಆದರು. ಶಾಲು ಹಾರ ಹಾಕಿಸಿಕೊಂಡು, ಒಂದು ಗೋಡೆ ಗಡಿಯಾರ ಹಿಡಕೊಂಡು ಮನಿಗೆ ಬಂದು, "ಇನ್ನ ನಾವು ಫ್ರೀ ನೋಡು" ಅಂದ್ರು. ನಾವು ಅಂದ್ರ ಯಾರು ಅಂತ ನಾ ಕೇಳಲಿಲ್ಲ. ಮರುದಿವಸದಿಂದ ತಾನ ಗೊತ್ತಾತು. ಮೊದಲ ಒಂಬತ್ತಕ್ಕ ಡಬ್ಬಿ ಕಟ್ಟಿ ಕೊಟ್ಟರ ಸಂಜೀ ಆರರ ತನಕಾ ಮನಿ ನಂದು. ಮುಂಜಾನಿದ ಪಲ್ಯಾ ಇದ್ರ ಅದ, ಇಲ್ಲಂದ್ರ ಮೊಸರು ಅವಲಕ್ಕಿ, ಮುಗೀತು. ಈಗ ಹನ್ನೊಂದಕ್ಕ ಚಹಾ, ಒಂದಕ್ಕ ಬಿಸಿ ಚಪಾತಿ, ನಾಕಕ್ಕ ಮತ್ತ ಚಹಾ, ಅದರ ಜೋಡಿ "ಬಾಯಾಡಿಸಲಿಕ್ಕೆ ಏನರೆ ಅದ ಏನು?" ಅಂತ. ಅವರ ಕೆಲಸ ಮುಗದದ್ದಲ್ಲ, ಅವರ ಆಫೀಸು ನನ್ನ ಅಡಗಿಮನಿಗೆ ವರ್ಗಾ ಆಗಿ ಬಂದಂಗಾತು. ಈ ಮಾತಿಗೆ ನನ್ನ ವಾರಿಗಿ ಹೆಣಮಕ್ಕಳೆಲ್ಲಾ ಹೂಂ ಅಂತೀರಿ, ನನಗ ಗೊತ್ತದ.

ಡಾಕ್ಟರು ಶುಗರ್ ಅದ, ನಡೀರಿ ಅಂದದ್ದು ಛೊಲೋ ಆತು. ಗಣಪತಿ ಹಬ್ಬ ಮುಗದು ಮಳಿ ಕಡಿಮಿ ಆದಮ್ಯಾಲೆ ಮುಂಜಾನೆ ಇಬ್ಬರೂ ಹೊಂಟ್ವಿ. ಧಾರವಾಡದಾಗ ಆಶ್ವೀಜ ಕಾರ್ತೀಕ ಅಂದ್ರ ನಡೀಲಿಕ್ಕೇನ ಮಾಡಿದ ದಿವಸ. ಬಿಸಲಿಗೆ ಝಳ ಇರೂದಿಲ್ಲ, ಗಾಳಿಗೆ ಇನ್ನೂ ಥಂಡಿ ಹತ್ತಿರೂದಿಲ್ಲ. ಸಾಧನಕೇರಿ ತುಂಬಿರ್ತದ, ಬೇಂದ್ರೆಯವರ ಮನಿ ಮುಂದಿಂದ ಹಾದು ಒಂದು ಸುತ್ತು ಹಾಕ್ತೀವಿ. ಒಂದೊಂದಿನ ಕರ್ನಾಟಕ ಯುನಿವರ್ಸಿಟಿ ಗುಡ್ಡದ ಕಡೆ ಹೋಗ್ತೀವಿ, ಅಲ್ಲೆ ಗಿಡದ ನೆರಳು ದಟ್ಟ. ಊರ ಹೊರಗ ಹೊಲದಾಗ ಗುರೆಳ್ಳು ಹೂ ಬಿಟ್ಟು ಹಳದಿ ಹಾಸಿಗಿ ಹಾಸಿದಂಗ ಕಾಣಸ್ತದ. ಇಷ್ಟು ವರ್ಷ ಇದ ಊರಾಗ ಇದ್ದು ಗುರೆಳ್ಳು ಚಟ್ನಿ ಕುಟ್ಟಿ ಕುಟ್ಟಿ ಇಟ್ಟೀನಿ, ಹೂ ನೋಡಿದ್ದಿಲ್ಲ ನೋಡ್ರಿ.

ಮೊದಲ ಹದಿನೈದು ದಿವಸ ಇವರು ಹತ್ತು ಹೆಜ್ಜಿ ಮುಂದ, ನಾ ಹಿಂದ. "ಲಗೂ ಬಾ" ಅಂತಿದ್ರು. ಒಂದಿನ ನಾ ಕಟ್ಟಿ ಮ್ಯಾಲೆ ಕೂತೇಬಿಟ್ಟೆ, ನೀವು ನಡೀರಿ ನಾ ಮನಿಗೆ ಹೋಗ್ತೀನಿ ಅಂತ. ಅವತ್ತಿಂದ ಸರೀಕ ನಡೀತಾರ. ಸರೀಕ ನಡದರ ಮಾತು ತಾನ ಬರ್ತದ. ಮನ್ಯಾಗ ಮಾತಾಡಿದ್ರ ಗ್ಯಾಸ್, ಹಾಲಿನ ಲೆಕ್ಕ, ಲೈಟ್ ಬಿಲ್ಲು. ದಾರ್ಯಾಗ ಅದ್ಯಾವುದೂ ನೆನಪಾಗೂದಿಲ್ಲ. ಹಂಗ ಒಂದಿನ ನನ್ನ ಬಾಯಿಂದ ಬಂದಬಿಡ್ತು, "ನಾ ಮೈಸೂರು ದಸರಾ ನೋಡಿಲ್ಲ."

"ಟಿವ್ಯಾಗ ಭಾಳ ಛೊಲೋ ತೋರಸ್ತಾರಲ್ಲ" ಅಂದ್ರು. ನಾ ಮನಿ ಮುಟ್ಟೂ ತನಕಾ ಮಾತಾಡಲಿಲ್ಲ. ಅದು ಅವರಿಗೆ ಹತ್ತೀತು ಅಂತ ಕಾಣಸ್ತದ. ಸಂಜೀಕೆ ಅವರ ತಮ್ಮಗ ಫೋನ್ ಹಚ್ಚಿದ್ರು.

ನನ್ನ ತಪ್ಪು ಅಲ್ಲೇ ಗೊತ್ತಾಗಿದ್ದು. ಇಬ್ಬರು ಮೈದುನರು, ಒಬ್ಬಾಂವ ಹುಬ್ಬಳ್ಳ್ಯಾಗ, ಒಬ್ಬಾಂವ ಬೆಳಗಾಂವದಾಗ. ಈ ವರ್ಷ ಘಟ ನಿಮ್ಮಲ್ಲೆ ಕೂಡಸ್ತೀರೇನು ಅಂತ ಕೇಳಿದ್ದಕ್ಕ ಹುಬ್ಬಳ್ಳಿ ನೆಗೆಣ್ಣಿ ಫೋನ್ ಇಸಗೊಂಡು, "ಅಕ್ಕಾ, ನಾ ಎಷ್ಟು ವರ್ಷದಿಂದ ಕೇಳಬೇಕಂತಿದ್ದೆ. ನೀವು ಕೊಡೂದಿಲ್ಲ ಅಂತ ಸುಮ್ಮನಿದ್ದೆ" ಅಂದ್ಲು. ನನಗ ಹೆಂಗ ಆಗಬ್ಯಾಡ! ಇಪ್ಪತ್ತೈದು ವರ್ಷ ಆಕಿ ಅಷ್ಟಮಿಗೆ ನಮ್ಮ ಮನಿಗೆ ಬಂದು, ನಾ ಹೇಳಿದ ಕಾಯಿ ತುರದು, ನಾ ಕೊಟ್ಟ ಖಣ ಉಡಿ ತುಂಬಿಸಿಕೊಂಡು ಹೋಗ್ಯಾಳ. ನಾ ಎಲ್ಲಾ ಭಾರ ನನ್ನ ತಲಿ ಮ್ಯಾಲೆ ಅಂತ ಗೊಣಗಿಕೋತ, ಆ ಭಾರ ಯಾರಿಗೂ ಮುಟ್ಟಿಸಿಕೊಡದಂಗ ಇದ್ದೆ. ನಾವು ಹಿರೇ ಸೊಸೆಂದ್ರು ಎಲ್ಲಾ ದೋಷ ಗಂಡನ ಮ್ಯಾಲೆ, ಅತ್ತಿ ಮ್ಯಾಲೆ ಹಾಕ್ತೀವಿ. ಸ್ವಲ್ಪ ನಮ್ಮದೂ ಅದ.

ಎಲ್ಲಾರೂ ಒಪ್ಪಿದ್ರಂತ ತಿಳೀಬ್ಯಾಡ್ರಿ. ಇವರ ಅಕ್ಕ ಹದಿನೈದು ದಿವಸ ಮಾತು ಬಿಟ್ರು. "ಹಿರೇರ ಮನಿ ದೀಪ ಹೊರಗ ಹಾಕಿದ್ಲು, ಮೋಜು ಮಾಡ್ಲಿಕ್ಕೆ" ಅಂತ ಬೀಗರ ಮುಂದ ಅಂದ್ರಂತ. ಅವರ ಮಾತಿನ್ಯಾಗೂ ಒಂದು ಖರೆ ಅದ, ನಾ ಇಲ್ಲನ್ನೂದಿಲ್ಲ. ಆ ದೀಪ ನಮ್ಮ ಅತ್ತಿಯವರು ಹಚ್ಚಿದ ಜಾಗಾದಾಗ ಹಚ್ಚೂದಕ್ಕ ಒಂದು ಬೆಲಿ ಅದ. ಆದ್ರ ಅತ್ತಿಯವರ ದೀಪ ಅವರ ಮೂರೂ ಮಕ್ಕಳದ್ದಲ್ಲೇನು? ಒಬ್ಬ ಮಗನ ಹೇಂತಿದ ಅಂತ ಯಾರು ಬರದುಕೊಟ್ಟಾರ?

ಹುಬ್ಬಳ್ಳ್ಯಾಗ ಘಟ ಕೂತ ಮ್ಯಾಲೆ ಕೈ ಮುಗದು, ರಾತ್ರಿ ರೈಲು ಹತ್ತಿ ಮೈಸೂರಿಗೆ ಹೋದ್ವಿ. ಕಡೀ ದಿವಸದ ಗದ್ದಲಕ್ಕ ನಾವು ಹೋಗಲಿಲ್ಲ, ನಡುವಿನ ಮೂರು ದಿವಸ ಇದ್ವಿ. ನಮ್ಮಂಥಾ ವಯಸ್ಸಿನವರಿಗೆ ಅದ ಛೊಲೋ. ಜಂಬೂ ಸವಾರಿ ದಿವಸ ಎರಡು ತಾಸು ಬಿಸಲಾಗ ಕೂತು ನಾಕು ನಿಮಿಷ ಆನಿ ನೋಡೂಕಿಂತ, ಸಂಜೀಕೆ ಅರಮನಿಗೆ ದೀಪ ಹಚ್ಚೂದು ನೋಡಿಕೋತ ಆರಾಮ ಅಡ್ಡಾಡಬಹುದು. ಹತ್ತಹತ್ತಿರ ಒಂದು ಲಕ್ಷ ಬಲ್ಬು ಒಮ್ಮೆಲೆ ಹತ್ತಿದಾಗ ಸುತ್ತ ನಿಂತ ಮಂದಿ ಎಲ್ಲಾ ಹೋ ಅಂದ್ರು, ನಾನೂ ಅಂದೆ. ನನ್ನ ಒಂದು ದೀಪ ನೆನಪಾಗಿ ನಗೀನೂ ಬಂತು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಲಾ ಹತ್ತಲಿಲ್ಲ, ಬಸ್ಸಿನ್ಯಾಗ ಮ್ಯಾಲೆ ಹೋಗಿ, ನಂದಿ ತನಕಾ ಇಳದು ಬಂದ್ವಿ. ಇಳೂದು ಹಗೂರ ಅಂತ ತಿಳದಿದ್ದೆ. ಮೊಣಕಾಲು ಎರಡು ದಿವಸ ಬುದ್ಧಿ ಹೇಳಿದ್ವು.

ಒಂದಿನ ಮುಂಜಾನೆ ವಾಕಿಂಗಿಗೆ ಅಂತ ಹೊಂಟಾಗ ಆನಿ ತಾಲೀಮಿಗೆ ಹೊಂಟಿದ್ವು. ಭಾರ ರೂಢಿ ಆಗಲಿ ಅಂತ ಮರಳಿನ ಚೀಲ ಹೊರಿಸಿ ನಡಸ್ತಾರಂತ. ಬಂಗಾರದ ಅಂಬಾರಿ ಅಂದ್ರ ಸುಮಾರು 750 ಕಿಲೋ, ಅದನ್ನ ಹೊತ್ತುಕೊಂಡು ಬನ್ನಿಮಂಟಪದ ತನಕಾ ಐದು ಕಿಲೋಮೀಟರ್ ನಡೀಬೇಕು. ಬಾಜೂಕ ನಿಂತಾಂವ ಒಬ್ಬ ಅರ್ಜುನನ ಸುದ್ದಿ ತಗದ. 2012ರಿಂದ 2019ರ ತನಕಾ ಎಂಟು ವರ್ಷ ಅರ್ಜುನ ಅಂಬಾರಿ ಹೊತ್ತಿದ್ದ. ಅರವತ್ತು ದಾಟಿದ ಆನಿಗೆ ಅಷ್ಟು ಭಾರ ಹೊರಸಬಾರದು ಅಂತ ಬಿಡಿಸಿದ್ರು, 2020ರಿಂದ ಅಭಿಮನ್ಯು ಬಂದ. ಇವರು ನನ್ನ ಕಡೆ ನೋಡಿ, "ನೋಡು, ಆನಿಗೂ ಅರವತ್ತಕ್ಕ ರಿಟೈರ್‌ಮೆಂಟು" ಅಂದು ನಕ್ಕರು. ನನಗ ನಗು ಬರಲಿಲ್ಲ. ಅಂಬಾರಿ ಇಳಿಸಿದ್ರು ಖರೆ, ಕೆಲಸ ಎಲ್ಲೆ ಬಿಡಿಸಿದ್ರು? 2023ರ ಡಿಸೆಂಬರಿನ್ಯಾಗ ಹಾಸನ ಜಿಲ್ಲಾದಾಗ ಕಾಡಾನಿ ಹಿಡಿಲಿಕ್ಕೆ ಕರಕೊಂಡು ಹೋಗಿ, ಅಲ್ಲೆ ಆ ಕಾಡಾನಿ ಜೋಡಿ ಕಾದಾಡಿ ಸತ್ತದ್ದು ಅರ್ಜುನ. ಮೆರವಣಗಿ ಭಾರ ಇಳಿಸಿದ್ದು ಎಲ್ಲಾರಿಗೂ ಕಾಣಸ್ತದ, ಉಳದದ್ದು ಯಾರಿಗೂ ಕಾಣಸೂದಿಲ್ಲ. ನಮ್ಮ ಹೆಣಮಕ್ಕಳ ಲೆಕ್ಕದಾಗ ಆ ಮೆರವಣಗಿನೂ ಇಲ್ಲ, ಬಿಡ್ರಿ.

ರೊಕ್ಕದ ಮಾತೂ ಹೇಳಬೇಕು. ಪೆನ್ಶನ್ ಮ್ಯಾಲೆ ತಿರಗಾಡೂದು ಸರಳ ಅಲ್ಲ. ಮೊದಲ ರೈಲಿನ್ಯಾಗ 60 ದಾಟಿದ ಗಂಡಸರಿಗೆ ನೂರಕ್ಕ 40, 58 ದಾಟಿದ ಹೆಣಮಕ್ಕಳಿಗೆ ನೂರಕ್ಕ 50 ಬಿಡ್ತಿದ್ರು. 2020ರ ಮಾರ್ಚಿನ್ಯಾಗ ಕೊರೊನಾ ಅಂತ ಅದನ್ನ ನಿಲ್ಲಿಸಿದ್ರು. ನಾ ಇನ್ನೆರಡು ವರ್ಷಕ್ಕ 58 ಆಗ್ತೀನಿ ಅಂತ ಕಾಯ್ಕೋತ ಕೂತಿದ್ದೆ! ಬಸ್ಸಿನ್ಯಾಗ ಮಾತ್ರ ನಮ್ಮ ಕಾಲ. 2023ರ ಜೂನ್ 11ರಿಂದ ಶಕ್ತಿ ಬಂದಮ್ಯಾಲೆ ಆಧಾರ್ ಕಾರ್ಡ್ ತೋರಿಸಿದ್ರ ಸೊನ್ನಿ ಟಿಕೆಟ್. ಅಕ್ಟೋಬರ್ 23ಕ್ಕ ಕಿತ್ತೂರು ಉತ್ಸವಕ್ಕ ಹೋದಾಗ ಕಂಡಕ್ಟರ್ ನನಗ ಸೊನ್ನಿ ಚೀಟಿ ಕೊಟ್ಟು, ಇವರ ಕಡೆ ಕೈ ಚಾಚಿದ. 33 ವರ್ಷದಾಗ ಮೊದಲ ಸಲ ಇವರ ಖರ್ಚು ನನಗಿಂತ ಜಾಸ್ತಿ ಆತು. ಮಂದಿ ಈ ಯೋಜನಾಕ್ಕ ಏನರೆ ಅನ್ನಲಿ, ಕೈಯಾಗ ಸ್ವಂತ ಗಳಿಕಿ ಇಲ್ಲದಾಕಿಗೆ ಟಿಕೆಟ್ಟಿಗೆ ರೊಕ್ಕ ಕೇಳೂದು ತಪ್ಪಿದ್ರ, "ಎದಕ್ಕ ಹೋಗ್ತೀ" ಅನ್ನೂ ಪ್ರಶ್ನೀನೂ ಅರ್ಧ ತಪ್ಪತದ.

ಈಗ ಎಲ್ಲಕ್ಕಿಂತ ಬಿರುಸು ಮಾತು. ನಾವು ಮೈಸೂರಿನಿಂದ ಬಂದು ದಶಮಿಗೆ ಹುಬ್ಬಳ್ಳ್ಯಾಗ ಎಲ್ಲಾರ ಜೋಡಿ ಬನ್ನಿ ಕೊಟ್ಟು ತಗೊಂಡ್ವಿ. ರಾತ್ರಿ ಮಗಳು ಪುಣೇದಿಂದ ಫೋನ್ ಮಾಡಿ, ಫೋಟೋ ನೋಡಿ ಖುಷಿ ಆತು ಅಂದಾಕಿ ಸ್ವಲ್ಪ ತಡದು, "ಅವ್ವಾ, ನೀವು ಹಿಂಗ ಹಬ್ಬಕ್ಕ ಕೀಲಿ ಹಾಕಿಕೊಂಡು ಹೋದ್ರ ನಾ ಎಲ್ಲಿಗೆ ಬರ್ಲಿ?" ಅಂದ್ಲು. ನನಗ ಗಂಟಲು ಕಟ್ಟಿತು. ಗಂಡುಮಕ್ಕಳು ಯಾವಾಗರೆ ಬರ್ತಾರ, ಅವರ ಮನಿ ಅವರದ. ಹೆಣಮಗಳು ತವರಿಗೆ ಬರೂದು ಹಬ್ಬದ ನೆವದಾಗ. ಮುಚ್ಚಿದ ಬಾಗಲ ಆಕಿಗೆ ಬ್ಯಾರೆನ ಕಾಣಸ್ತದ. ನಮ್ಮವ್ವ ಹೋದಮ್ಯಾಲೆ ನಾ ನಮ್ಮ ತವರಮನಿ ಮುಂದ ಹಂಗ ಒಮ್ಮೆ ನಿಂತು ಬಂದೀನಿ.

ಹಂಗಾಗಿ ನಾ ಎಲ್ಲಾ ಹಬ್ಬಕ್ಕೂ ಹೊರಗ ಹೋಗ್ರಿ ಅನ್ನೂದಿಲ್ಲ. ದೀಪಾವಳಿ ನಮ್ಮಲ್ಲೇ, ಬಾಗಲ ತೆರದಿರ್ತದ ಅಂತ ಹೇಳೀನಿ. ಆದ್ರ ಹೋದ ದೀಪಾವಳಿಗೆ ಒಂದು ಕರಾರು ಹಾಕಿದೆ. ಉಂಡಿ ಚಕ್ಕಲಿ ಐದೈದು ಡಬ್ಬಿ ಮಾಡೂದಿಲ್ಲ, ನಾ ಕರ್ಚಿಕಾಯಿ ಒಂದ ಮಾಡಾಕಿ, ಉಳದದ್ದು ಬಂದವರು ಮಾಡಬೇಕು ಇಲ್ಲಾ ತರಬೇಕು. ಮಗಾ ಬೆಂಗಳೂರಿಂದ ತಂದ, ಅಳಿಯಂದ್ರು ನೀರು ತುಂಬೂ ಹಬ್ಬದ ದಿವಸ ಚಹಾ ಮಾಡಿದ್ರು. ಸಕ್ಕರಿ ಹೆಚ್ಚಾಗಿತ್ತು. ಶುಗರ್ ಇದ್ದವರೂ ಸುಮ್ಮನ ಕುಡದರು. ಊಟ ಆದಮ್ಯಾಲೆ ಹದಿಮೂರು ಮಂದಿ ಸಾಧನಕೇರಿ ತನಕಾ ನಡಕೋತ ಹೋದ್ವಿ. ನಮ್ಮನ್ಯಾಗ ಹಬ್ಬದ ದಿವಸ ನಾ ಹೊರಗಿನ ಗಾಳಿ ಕಂಡದ್ದು ಅದ ಮೊದಲು.

ನನ್ನ ಅಭಿಪ್ರಾಯ ಇಷ್ಟ. ರಿಟೈರ್ ಆದವರಿಗೆ ಮಕ್ಕಳು ತೀರ್ಥಯಾತ್ರಾ ಟಿಕೆಟ್ ಮಾಡಿಸಿಕೊಡ್ತಾರ, ಛೊಲೋ ಬೂಟು ಕೊಡಸ್ತಾರ. ಅದರ ಮೊದಲ ಮನಿ ಮಂದಿಯೆಲ್ಲಾ ಕೂತು, ಯಾವ ಹಬ್ಬ ಯಾರ ಮನ್ಯಾಗ ಅಂತ ಪಾಳಿ ಹಚ್ಚರಿ. ಅಣ್ಣತಮ್ಮಂದ್ರು ಹೊಲಾ ಮನಿ ಹಂಚಿಕೊಳ್ಳೂವಾಗ ಸರ್ವೆ ನಂಬರ್ ಹಿಡದು ಹಂಚ್ತಾರ. ಹಬ್ಬದ ದುಡಿಮಿ ಯಾಕ ಒಬ್ಬಾಕಿ ಖಾತೇದಾಗ ಉಳೀಬೇಕು?

ಈ ವರ್ಷ ಘಟ ಬೆಳಗಾಂವದಾಗ. ನಾವು ಬಾದಾಮಿ, ಪಟ್ಟದಕಲ್ಲು, ಐಹೊಳಿ ನೋಡಿಕೊಂಡು, ಶೀಗಿ ಹುಣ್ಣಿಮಿಗೆ ಪರಿಚಯದವರ ಹೊಲಕ್ಕ ಚರಗ ಚೆಲ್ಲಲಿಕ್ಕೆ ಹೋಗೂದು ಅಂತ ಮಾಡೀವಿ. ಇವರ ಅಕ್ಕನೂ ಬರ್ತಾರ. ಮಾತು ಬಿಟ್ಟವರು ಸಜ್ಜಿ ರೊಟ್ಟಿ ಎಷ್ಟು ಮಾಡ್ಲಿ ಅಂತ ತಾವ ಫೋನ್ ಹಚ್ಚಿದ್ರು. ಬರೂ ವರ್ಷ ಘಟ ತಿರಗಿ ನಮ್ಮನಿಗೆ ಬರ್ತದ. ನಾ ಸಂತೋಷದಿಂದ ಕೂಡಸ್ತೀನಿ, ನೆಗೆಣ್ಣ್ಯಾರು ಆರಾಮ ಊಟಕ್ಕ ಬರಲಿ. ನಡುರಾತ್ರಿ ಎರಡರ ಎಣ್ಣಿ ಪಾಳಿ ಮಾತ್ರ ದಿನಾ ಬಿಟ್ಟು ದಿನಾ ಇವರದು. ಹೂಂ ಅಂದಾರ. ರಿಟೈರ್ ಆದಾಗ ಕೊಟ್ಟ ಗಡಿಯಾರಕ್ಕ ಅಲಾರಾಂ ಇಲ್ಲ ಅಂತ ಒಂದು ನೆವಾ ತಗದಿದ್ರು, ಮೊಬೈಲಿನ್ಯಾಗ ಹಚ್ಚಿಕೊಟ್ಟೀನಿ.