ಮನೆಯ ಐದು ಓಟು



ಬಾಗೂರಿನಿಂದ ದಿನವೂ ಬಸ್ಸು ಹಿಡಿದು ಚನ್ನರಾಯಪಟ್ಟಣದ ಕಾಲೇಜಿಗೆ ಹೋಗಿಬರುತ್ತಿದ್ದ ಹುಡುಗಿಯೊಬ್ಬಳು 2024ರ ಲೋಕಸಭಾ ಚುನಾವಣೆಗೆ ಕೆಲವು ವಾರ ಮುಂಚೆ ನನ್ನನ್ನು ಕೇಳಿದಳು: "ಅಕ್ಕಾ, ಇದು ನನ್ನ ಮೊದಲನೇ ಓಟು. ನಮ್ಮಪ್ಪ ಹೇಳ್ದೋರಿಗೇ ಹಾಕ್ಬೇಕಾ?"

ಹಿಂದಿನ ವರ್ಷ ಅವಳ ಅಕ್ಕನ ಮದುವೆಗೆ ಅರ್ಧ ಎಕರೆ ತೆಂಗಿನ ತೋಟ ಹೋಗಿತ್ತು. ಆರೇ ತಿಂಗಳಲ್ಲಿ, ಕೊಡಬೇಕಾಗಿದ್ದ ಬೈಕಿನ ಹಣ ಬರಲಿಲ್ಲವೆಂದು ಏಟು ತಿಂದು ಅಕ್ಕ ತವರಿಗೆ ಬಂದಳು. ಊರಿನ ಹಿರಿಯರು ಜಗಲಿಯಲ್ಲಿ ಕೂತು, ಹೆಣ್ಣಾದವಳು ಹೊಂದಿಕೊಂಡು ಹೋಗಬೇಕೆಂದು ಬುದ್ಧಿ ಹೇಳಿ ವಾಪಸು ಕಳಿಸಿದರು. ಅದೇ ಹಿರಿಯರು ಈಗ ಬಾಗಿಲಿಗೆ ಬಂದು "ನಿಮ್ಮನೆ ಐದು ಓಟೂ ನಮಗೇ" ಎನ್ನುತ್ತಿದ್ದರು. ಆ ಐದರಲ್ಲಿ ತನ್ನದೂ ಒಂದು, ಏಟು ತಿಂದ ಅಕ್ಕನದೂ ಒಂದು ಎಂಬುದು ಹುಡುಗಿಯನ್ನು ಕುಟುಕುತ್ತಿತ್ತು.

ಯಾರಿಗೆ ಹಾಕಬೇಕೆಂದು ನಾನು ಹೇಳಲಿಲ್ಲ. ಹೇಳಿದ್ದರೆ ಅಪ್ಪನ ಜಾಗದಲ್ಲಿ ನಾನು ಕೂತಂತಾಗುತ್ತಿತ್ತು. ಅಭ್ಯರ್ಥಿಗಳ ಪ್ರಮಾಣಪತ್ರ ಓದು ಎಂದೆ. ಸುಪ್ರೀಂ ಕೋರ್ಟಿನ 2002 ಮತ್ತು 2003ರ ತೀರ್ಪುಗಳಿಂದಾಗಿ ಪ್ರತಿ ಅಭ್ಯರ್ಥಿಯೂ ತನ್ನ ಮೇಲಿನ ಕ್ರಿಮಿನಲ್ ಪ್ರಕರಣ, ಆಸ್ತಿ, ಸಾಲ, ವಿದ್ಯಾಭ್ಯಾಸಗಳನ್ನು ಬರೆದು ಕೊಡಬೇಕು. ಚುನಾವಣಾ ಆಯೋಗ ಅದನ್ನು ಎಲ್ಲರಿಗೂ ಸಿಗುವಂತೆ ಪ್ರಕಟಿಸುತ್ತದೆ. ಹಾಸನದ ಮತದಾರರಿಗೆ ಈ ಕಾಗದದ ಬೆಲೆ ಗೊತ್ತಿರಬೇಕು. 2019ರಲ್ಲಿ ಇಲ್ಲಿಂದ ಗೆದ್ದಿದ್ದ ಪ್ರಜ್ವಲ್ ರೇವಣ್ಣ ಆಸ್ತಿ ವಿವರ ಮುಚ್ಚಿಟ್ಟರೆಂಬ ಕಾರಣಕ್ಕೆ ಅವರ ಆಯ್ಕೆಯನ್ನು ಹೈಕೋರ್ಟು 2023ರ ಸೆಪ್ಟೆಂಬರ್ 1ರಂದು ಅಸಿಂಧುಗೊಳಿಸಿತ್ತು. ಅದೇ ತಿಂಗಳು ಸುಪ್ರೀಂ ಕೋರ್ಟು ಅದಕ್ಕೆ ತಡೆ ನೀಡಿತು. 2024ರಲ್ಲಿ ಅವರೇ ಮತ್ತೆ ಅಭ್ಯರ್ಥಿ.

ಆದರೆ ಪ್ರಮಾಣಪತ್ರದಲ್ಲಿ ಬರುವುದು ದಾಖಲಾದ ಪ್ರಕರಣ ಮಾತ್ರ. ಹೆದರಿ ಬಾಯಿ ಮುಚ್ಚಿಕೊಂಡ ಹೆಣ್ಣಿನ ನೋವಿಗೆ ಅದರಲ್ಲಿ ಕಲಂ ಇಲ್ಲ. ಏಪ್ರಿಲ್ 26ರ ಮತದಾನಕ್ಕೆ ಕೆಲವೇ ದಿನ ಇರುವಾಗ ಹಾಸನದ ತುಂಬ ಪೆನ್‌ಡ್ರೈವ್‌ಗಳು ಹರಿದಾಡಿದವು. ಹೆಂಗಸರ ಮುಖಗಳನ್ನೂ ಮರೆಮಾಡದೆ ಆ ವಿಡಿಯೋಗಳನ್ನು ಹಂಚಲಾಯಿತು. "ಬಸ್ಸಲ್ಲಿ ಹುಡುಗ್ರು ನೋಡ್ತಾ ನಗ್ತಿದ್ರು ಅಕ್ಕಾ. ನಮ್ಮೂರೋರು ಯಾರಾದ್ರೂ ಇರ್ತಾರಾ ಅಂತ ನಂಗೆ ಭಯ ಆಯ್ತು" ಎಂದಳು. ರಾಜಕೀಯದ ಅರಿವು ಪಡೆಯಹೊರಟ ಹುಡುಗಿಗೆ ಸಿಕ್ಕಿದ ಮಾಹಿತಿ ಇದು! ದೌರ್ಜನ್ಯ ಮಾಡಿದವರಿಗೆ ಹೆಣ್ಣು ಭೋಗದ ವಸ್ತು. ಹಂಚಿದವರಿಗೆ ಚುನಾವಣೆಯ ಸರಕು. ಇಬ್ಬರ ನಡುವೆ ಆ ಹೆಂಗಸರು ಎರಡು ಸಲ ಬೆತ್ತಲಾದರು. ಅಂಥ ವಿಡಿಯೋ ನೋಡುವುದು, ಮುಂದಕ್ಕೆ ಕಳಿಸುವುದು ತಿಳಿವಳಿಕೆಯಲ್ಲ, ಹಿಂಸೆಯಲ್ಲಿ ಕೈಜೋಡಿಸುವುದು.

ನಂತರದ್ದು ನಿಮಗೆ ಗೊತ್ತು. ವಿಶೇಷ ತನಿಖಾ ತಂಡ ರಚನೆಯಾಯಿತು. ಮೇ 30ರಂದು ರಾಜ್ಯದ ನಾನಾ ಕಡೆಯಿಂದ ಹೆಂಗಸರು, ಜನಪರ ಸಂಘಟನೆಗಳವರು ಹಾಸನದ ಬೀದಿಯಲ್ಲಿ ನಡೆದರು. ವಿದೇಶಕ್ಕೆ ಹೋಗಿದ್ದ ಆರೋಪಿಯ ಬಂಧನ ಮೇ 31ರಂದು ಆಯಿತು. ಮನೆಗೆಲಸದ ಮಹಿಳೆಯೊಬ್ಬರು ಕೊಟ್ಟ ದೂರಿನ ಪ್ರಕರಣದಲ್ಲಿ 2025ರ ಆಗಸ್ಟ್ 1ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ಅವರನ್ನು ಅತ್ಯಾಚಾರದ ದೋಷಿಯೆಂದು ತೀರ್ಮಾನಿಸಿ, ಮರುದಿನ ಜೀವಾವಧಿ ಶಿಕ್ಷೆ ವಿಧಿಸಿತು. ಇಷ್ಟು ದೊಡ್ಡ ಮನೆತನದ ಎದುರು ನಿಂತವಳು ಕೂಲಿ ಮಾಡಿ ತಿನ್ನುವ ಹೆಣ್ಣುಮಗಳು. ಜಗಲಿಯ ರಾಜಿಗೆ ಅವಳು ಒಪ್ಪಿದ್ದರೆ?

"ಓಟಿಗೂ ವರದಕ್ಷಿಣೆಗೂ ಏನು ಸಂಬಂಧ?" ಎಂದು ಕೇಳುವವರಿದ್ದಾರೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಗಾಗಿ ಎರಡು ಸದನಗಳು ಒಮ್ಮತಕ್ಕೆ ಬಾರದೆ ಸಂಸತ್ತಿನ ಮೊಟ್ಟಮೊದಲ ಜಂಟಿ ಅಧಿವೇಶನ ಕರೆಯಬೇಕಾಯಿತು. ಹೆಂಗಸರು ಬೀದಿಗಿಳಿದ ಮೇಲೆ 1983ರಲ್ಲಿ ಗಂಡನ ಮನೆಯವರ ಕ್ರೌರ್ಯ, 1986ರಲ್ಲಿ ವರದಕ್ಷಿಣೆ ಸಾವು ಪ್ರತ್ಯೇಕ ಅಪರಾಧಗಳಾದವು. 2005ರಲ್ಲಿ ಕೌಟುಂಬಿಕ ಹಿಂಸೆಯ ಕಾಯ್ದೆ ಬಂತು. ಇವೆಲ್ಲ ಮನೆಯೊಳಗಿನ ವಿಷಯವೆಂದು ಬಿಟ್ಟಿದ್ದರೆ ಒಂದೂ ಆಗುತ್ತಿರಲಿಲ್ಲ. ಆದ್ದರಿಂದ ಓಟು ಕೇಳಲು ಬಂದವರನ್ನು ನಾವೂ ಕೇಳೋಣ: ನಮ್ಮ ತಾಲ್ಲೂಕಿನ ಸಂರಕ್ಷಣಾಧಿಕಾರಿ ಯಾರು? ಆ ಕೆಲಸ ಹೊತ್ತ ಸಿಡಿಪಿಒಗೆ ಅಂಗನವಾಡಿಗಳ ಹೊಣೆಯ ಜೊತೆಗೆ ಇದಕ್ಕೆ ಪುರುಸೊತ್ತೆಷ್ಟು? ರಾತ್ರಿ ಹೊತ್ತು ಮನೆಯಿಂದ ಹೊರದೂಡಿಸಿಕೊಂಡವಳು ಎಲ್ಲಿಗೆ ಹೋಗಬೇಕು? ನಿಮ್ಮ ಮಗನ ಮದುವೆಗೆ ಎಷ್ಟು ತೆಗೆದುಕೊಂಡಿರಿ?

ಮದುವೆಯಾದ ತಂಗಿಯರಿಗೆ ಒಂದು ಮಾತು. ಗಂಡನ ಊರಿಗೆ ಹೋದಾಗ ಪಡಿತರ ಚೀಟಿಗೆ ಹೆಸರು ಸೇರಿಸುವಂತೆ ಮತದಾರರ ಪಟ್ಟಿಯ ಹೆಸರನ್ನೂ ನಮೂನೆ 8 ತುಂಬಿ ವರ್ಗಾಯಿಸಿಕೊಳ್ಳಿ. ಮತಯಂತ್ರದ ಮುಂದೆ ನೀವು ಒಬ್ಬರೇ. ಗುಂಡಿ ಒತ್ತಿದ ಮೇಲೆ ವಿವಿಪ್ಯಾಟಿನ ಚೀಟಿ 7 ಸೆಕೆಂಡು ನಿಮ್ಮ ಕಣ್ಣಿಗೆ ಮಾತ್ರ ಕಂಡು ಪೆಟ್ಟಿಗೆಗೆ ಬೀಳುತ್ತದೆ. ಗಂಡನಿಗಾಗಲಿ, ಮಾವನಿಗಾಗಲಿ ಅದು ಗೊತ್ತಾಗುವುದಿಲ್ಲ. ಎಷ್ಟೋ ಹೆಂಗಸರ ಬದುಕಿನಲ್ಲಿ ಯಾರ ಅಪ್ಪಣೆಯೂ ಬೇಕಿಲ್ಲದ ಗಳಿಗೆ ಅದೊಂದೇ.

ಮತದಾನದ ದಿನ ಹಿರಿಯರು ಆ ಹುಡುಗಿಯ ಅಕ್ಕನನ್ನು ಕರೆತರಲು ಕಾರು ಕಳಿಸಿದರು. ಏಟು ತಿಂದ ದಿನ ಅವಳು ಬಂದದ್ದು ಬಸ್ಸಿನಲ್ಲಿ. ಅಕ್ಕ ತಂಗಿ ಇಬ್ಬರೂ ಸಾಲಿನಲ್ಲಿ ನಿಂತರು. ಅಲ್ಲಿಯೇ ತಂಗಿ ಸಂರಕ್ಷಣಾಧಿಕಾರಿಯ ವಿಷಯ ಹೇಳಿದಳಂತೆ. ಸಂಜೆ ಕಾರು ಖಾಲಿ ಹೋಯಿತು. ಮುಂದಿನ ವಾರ ಅಕ್ಕ ಅರ್ಜಿ ಕೊಟ್ಟಳು. ಮೊದಲ ವಿಚಾರಣೆಯಿಂದ 60 ದಿನದೊಳಗೆ ತೀರ್ಮಾನಿಸಲು ಯತ್ನಿಸಬೇಕು ಎನ್ನುತ್ತದೆ ಕಾಯ್ದೆ. ಅವಳದು ವರ್ಷ ದಾಟಿತು. ಅದೂ ಮುಂದಿನ ಚುನಾವಣೆಯಲ್ಲಿ ನಾವು ಕೇಳಬೇಕಾದ ಪ್ರಶ್ನೆಯೇ.

ಹುಡುಗಿ ಯಾರಿಗೆ ಓಟು ಹಾಕಿದಳೋ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. "ಅಕ್ಕಾ, ಈ ಸಲ ನಮ್ಮನೇಲಿ ಐದು ಓಟಲ್ಲ. ಮೂರು, ಆಮೇಲೆ ಒಂದು, ಒಂದು" ಎಂದಳು, ಅಷ್ಟೇ.